ಮೊದಲ ಹಾಡಿಗೆ ಮೂರು ಗುಚ್ಛ

ಒಂದು ಸಂಜೆ ನನ್ನ ವಿದ್ಯಾರ್ಥಿಯೊಬ್ಬ ಗಿಟಾರನ್ನು ಹೆಗಲಿಗೇರಿಸಿಕೊಂಡು ಮನೆಗೆ ಬಂದ. ಅಕ್ಕನ ಮದುವೆ ಹತ್ತಿರವಾಗಿತ್ತು. ಅವಳನ್ನು ಕಳುಹಿಸಿಕೊಡುವ ಹೊತ್ತಿಗೆ ಹಾಡಲೆಂದು ಎಂಟು ಸಾಲುಗಳನ್ನು ಬರೆದು, ಧಾಟಿಯನ್ನೂ ತಾನೇ ಕಟ್ಟಿದ್ದ. ಅವನ ಮೊದಲ ಹಾಡದು. ಆದರೂ ಮುಖ ಬಾಡಿತ್ತು.

“ಕಾರ್ಡುಗಳನ್ನು ಸೇರಿಸಿ ಅಜ್ಜಿಗೆ ಕೇಳಿಸಿದೆ, ಸಾರ್. ‘ವಾದ್ಯವೇನೋ ಚೆನ್ನಾಗಿದೆ ಕಣೋ, ನಿನ್ನ ಹಾಡೆಲ್ಲಿ?’ ಅಂದುಬಿಟ್ಟರು.”

ನುಡಿಸಿ ತೋರಿಸೆಂದೆ. ಎಂಟು ಸಾಲಿಗೆ ಹನ್ನೊಂದು ಕಾರ್ಡು! ಮದುವೆಮನೆಯ ಜಂಗುಳಿಯಲ್ಲಿ ಮದುಮಗಳೇ ಕಾಣೆಯಾದಂತೆ ಅಲ್ಲಿ ಮಾತು ಕಾಣೆಯಾಗಿತ್ತು.

ಕಾರ್ಡ್ ಎಂದರೆ ಏಕಕಾಲದಲ್ಲಿ ನುಡಿಯುವ ಸ್ವರಗಳ ಗುಚ್ಛ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಶಂಕರಾಭರಣದ ಸ–ಗ–ಪ ಸ್ವರಗಳನ್ನು ಒಮ್ಮೆಗೇ ಒತ್ತಿ ನೋಡಿ. ಇದು ಹಾಡಿನ ಮನೆ. ಮ–ದ–ಸ ಎಂಬುದು ಮನೆಯಿಂದ ಹೊರಟ ದಾರಿ. ಪ–ನಿ–ರಿ ಎಂಬುದು ಮರಳುವ ಹಂಬಲ. ಅದರಲ್ಲಿರುವ ನಿಷಾದಕ್ಕೂ ಮೇಲಿನ ಷಡ್ಜಕ್ಕೂ ಅರ್ಧಸ್ವರದಷ್ಟೇ ಅಂತರವಾದ್ದರಿಂದ ಕಿವಿ ಮನೆಯನ್ನು ಬಯಸುತ್ತದೆ. ಷಡ್ಜವನ್ನು ಸಿ ಎಂದಿಟ್ಟುಕೊಂಡರೆ ಗಿಟಾರಿನವರು ಇವನ್ನು ಸಿ, ಎಫ್, ಜಿ ಎನ್ನುತ್ತಾರೆ. ಈ ಮೂರರಲ್ಲಿ ಸಪ್ತಸ್ವರಗಳೂ ಅಡಗಿವೆ. ಆದುದರಿಂದ ಆ ರಾಗದ ಧಾಟಿ ಎಲ್ಲಿ ನಿಂತರೂ ಆಸರೆಯಾಗಲು ಒಂದು ಗುಚ್ಛ ಇದ್ದೇ ಇರುತ್ತದೆ.

ಮುತ್ತುಸ್ವಾಮಿ ದೀಕ್ಷಿತರು (1775–1835) ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ರಚಿಸಿದರು, ಅವೇ ನೊಟ್ಟುಸ್ವರಗಳು. ಅವುಗಳಲ್ಲಿ ‘ಶ್ಯಾಮಲೇ ಮೀನಾಕ್ಷಿ’ಯ ಧಾಟಿ, ಮಕ್ಕಳು ಹಾಡುವ ‘ಟ್ವಿಂಕಲ್ ಟ್ವಿಂಕಲ್’ ಪದ್ಯದ್ದೇ. ಧಾಟಿ ಸ, ಗ, ಪಗಳ ಮೇಲೆ ನಿಂತಾಗ ಮೊದಲ ಗುಚ್ಛ. ಮ, ದಗಳಿಗೆ ಎರಡನೆಯದು. ರಿ ಬಂದಾಗ ಮೂರನೆಯದು. ಅಷ್ಟರಿಂದಲೇ ಇಡೀ ಹಾಡಿಗೆ ನೆರಳು ದೊರೆಯುತ್ತದೆ.

ಹೊಸಬರು ಹಿಡಿಯಬೇಕಾದ ಕ್ರಮವೂ ಇದೇ. ಮೊದಲು ಸಾಲನ್ನು ವಾದ್ಯವಿಲ್ಲದೆ ಹಾಡಿಕೊಳ್ಳಬೇಕು. ತಾಳದ ಪೆಟ್ಟು ಬೀಳುವಲ್ಲಿ ಯಾವ ಸ್ವರವಿದೆಯೆಂದು ಗುರುತಿಸಿ, ಆ ಸ್ವರವುಳ್ಳ ಗುಚ್ಛವನ್ನು ಇಡಬೇಕು. ಅಕ್ಷರಕ್ಕೊಂದರಂತೆ ಬದಲಿಸಬಾರದು. ಗಮಕದಿಂದಲೇ ಬದುಕುವ ತೋಡಿಯಂಥ ರಾಗಗಳು ಈ ನಿಶ್ಚಲ ಗುಚ್ಛಗಳಿಗೆ ಸುಲಭವಾಗಿ ಒಗ್ಗವು. ಮೊದಲ ಪ್ರಯತ್ನಕ್ಕೆ ನೇರ ಸ್ವರಗಳೇ ಲೇಸು.

ಹುಡುಗ ಮೂರನ್ನುಳಿಸಿ ಮಿಕ್ಕೆಲ್ಲವನ್ನೂ ಬಿಟ್ಟ. ಹಾಡು ತಿಳಿಯಾಯಿತು. ಆದರೆ ಅಕ್ಕ ಹೊಸ್ತಿಲು ದಾಟುವ ಏಳನೆಯ ಸಾಲಿಗೆ ಬಂದಾಗ ತಡೆದು, “ಇಲ್ಲಿ ಏನೋ ಸಾಲದು, ಸಾರ್” ಎಂದ. ನಿಜ, ಅಲ್ಲಿ ಮನೆಯ ಗುಚ್ಛ ತೀರ ನಗುಮೊಗದ್ದಾಗಿತ್ತು. ಸ, ಗಗಳನ್ನು ಹಾಗೆಯೇ ಇಟ್ಟು ಪಂಚಮವನ್ನು ಮಾತ್ರ ದೈವತಕ್ಕೆ ಸರಿಸಲು ಹೇಳಿದೆ. ಗಿಟಾರಿನಲ್ಲಿ ಸಿ ಮೇಜರಿನಿಂದ ಎ ಮೈನರಿಗೆ ಒಂದೇ ಬೆರಳಿನ ಪಯಣ. ದ–ಸ–ಗ ಮೊಳಗಿತು. ಮನೆ ಅದೇ, ದೀಪ ಮಾತ್ರ ಸಣ್ಣದಾದಂತಾಯಿತು. ಹುಡುಗ ಮಾತನಾಡಲಿಲ್ಲ, ಆ ಸಾಲನ್ನೇ ಮತ್ತೆ ಹಾಡಿದ.

ನಾಲ್ಕನೆಯ ಗುಚ್ಛಕ್ಕೆ ಅಲ್ಲಿ ಕೆಲಸವಿತ್ತು, ಅದಕ್ಕೇ ಅದು ಸಲ್ಲುತ್ತದೆ. ಹನ್ನೊಂದರ ನಡುವೆ ಅದೂ ಇತ್ತು. ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ.

ಮದುವೆಗೆ ನಾನೂ ಹೋಗಿದ್ದೆ. ಹಾಡು ಮುಗಿದಾಗ ಅಜ್ಜಿ ವಾದ್ಯದ ಮಾತೆತ್ತಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಂದು ಸಲ ಹಾಡೋ, ಮಗು” ಎಂದರು.