ಹೊಲಿಗೆ ಮಿಷನ್ ಊರು ಬಿಟ್ಟರೆ ಕೆಡುತ್ತದೆಯೇ?

ಶೇಂಗಾ, ಮೆಕ್ಕೆಜೋಳದ ಒಕ್ಕಣೆ ಮುಗಿಯುತ್ತಿದ್ದಂತೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಅನೇಕ ಹಳ್ಳಿ, ತಾಂಡಾಗಳಲ್ಲಿ ಗುಳೆ ಹೊರಡುವ ತಯಾರಿ ಶುರುವಾಗುತ್ತದೆ. ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೆಲವರು ಚಿಕ್ಕಮಗಳೂರು, ಕೊಡಗಿನ ಕಾಫಿ ಕೊಯ್ಲಿಗೆ, ಇನ್ನು ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು ಹೋಗುತ್ತಾರೆ. ಪಾತ್ರೆ, ಹಾಸಿಗೆ, ಹಿಟ್ಟಿನ ಚೀಲ ಎಲ್ಲವೂ ಗಂಟು ಕಟ್ಟಿಸಿಕೊಂಡು ಹೊರಡುತ್ತವೆ. ಹೊಲಿಗೆ ಮಿಷನ್ ಮಾತ್ರ ಗೋಡೆಯ ಬದಿಗೆ ಸರಿದು, ಹಳೆ ಸೀರೆ ಹೊದ್ದು, ಬೀಗ ಹಾಕಿದ ಮನೆಯೊಳಗೆ ನಾಲ್ಕೈದು ತಿಂಗಳು ಕೂರುತ್ತದೆ. ಕೇಳಿದರೆ ಉತ್ತರ ಸಿದ್ಧ: ‘ಬಸ್ಸಿಗೆ ಹಾಕಿದ್ರೆ ಸೆಟ್ಟಿಂಗ್ ಹೋಗುತ್ತೆ.’ ಈ ನಂಬಿಕೆ ಬಹುಮಟ್ಟಿಗೆ ತಪ್ಪು. ಮನೆಬಳಕೆಯ ಮಿಷನ್ ಪ್ರಯಾಣದಿಂದ ಕೆಡುವುದು ಕಡಿಮೆ. ಕೆಡುವುದು ಅದನ್ನು ಕಟ್ಟಿದ ರೀತಿಯಿಂದ. ಅದಕ್ಕಿಂತ ಹೆಚ್ಚಾಗಿ ಕೆಡುವುದು ಸುಮ್ಮನೆ ಕೂತಿದ್ದರಿಂದ.

ಮೊದಲು ‘ಸೆಟ್ಟಿಂಗ್’ ಎಂದರೇನು ನೋಡೋಣ. ಸೂಜಿ ಕೆಳಗಿಳಿದು ಮೇಲೇಳುವ ಕ್ಷಣಕ್ಕೆ ಸರಿಯಾಗಿ ಶಟಲ್‌ನ ಮೊನೆ ಬಂದು ದಾರದ ಕುಣಿಕೆ ಹಿಡಿಯಬೇಕು. ಈ ಹೊಂದಾಣಿಕೆಯನ್ನು ಕಾಯುವುದು ಉಕ್ಕಿನ ಶಾಫ್ಟುಗಳು ಮತ್ತು ಬಿಗಿದ ಸ್ಕ್ರೂಗಳು. ಕಪ್ಪು ಬಣ್ಣದ ಸಾದಾ ಮಿಷನ್ನಿನ ಹೆಡ್ಡು ಬೀಡುಕಬ್ಬಿಣದ್ದು, 11ರಿಂದ 13 ಕಿಲೋ ತೂಗುತ್ತದೆ. ನಿಮಿಷಕ್ಕೆ ನೂರಾರು ಹೊಲಿಗೆಯ ಕಂಪನವನ್ನು ವರ್ಷಗಟ್ಟಲೆ ತಾಳುವಂತೆ ಮಾಡಿದ ಈ ವಸ್ತುವಿಗೆ ಬಸ್ಸಿನ ಕುಲುಕಾಟ ದೊಡ್ಡದಲ್ಲ. ಅದಕ್ಕೆ ಅಪಾಯ ಇರುವುದು ನೇರ ಪೆಟ್ಟಿನಿಂದ. ಚಕ್ರದ ಮೇಲೆ ಬಿದ್ದರೆ ಶಾಫ್ಟು ಬಾಗುತ್ತದೆ. ಸೂಜಿ ಇಳಿದಿದ್ದಾಗಲೇ ಗುದ್ದು ತಗುಲಿದರೆ ಸೂಜಿ ಮುರಿದು, ಅದನ್ನು ಹಿಡಿದ ಸರಳಿಗೂ ಶಟಲ್ಲಿಗೂ ಏಟಾಗುತ್ತದೆ. ಬೀಡುಕಬ್ಬಿಣ ಬಾಗುವ ಲೋಹವಲ್ಲ. ಎತ್ತರದಿಂದ ಕಲ್ಲಿನ ಮೇಲೆ ಬಿದ್ದರೆ ಸೀಳುತ್ತದೆ. ಇವೆಲ್ಲ ತಡೆಯಬಹುದಾದ ಪೆಟ್ಟುಗಳು.

ಹಾಗಾದರೆ ‘ನಮ್ಮ ಕಣ್ಣಾರೆ ಕಂಡಿದ್ದೇವೆ, ಊರು ಬದಲಾದ ಮೇಲೆ ಮಿಷನ್ ಸರಿಯಾಗಿ ಹೊಲಿಯಲಿಲ್ಲ’ ಎನ್ನುವವರ ಮಾತು ಸುಳ್ಳೇ? ಸುಳ್ಳಲ್ಲ. ಕಂಡದ್ದು ನಿಜ, ಕಾರಣ ಮಾತ್ರ ಬೇರೆ. ಕಟ್ಟುವಾಗ ಸೂಜಿ, ದಾರ, ಬಾಬಿನ್ ಎಲ್ಲವನ್ನೂ ತೆಗೆದಿರುತ್ತಾರೆ, ಊರು ಮುಟ್ಟಿದ ಮೇಲೆ ಅವಸರದಲ್ಲಿ ಮತ್ತೆ ಹಾಕಿರುತ್ತಾರೆ. ಬಟ್ಟೆಯ ಅಡಿಗೆ ದಾರ ಗುಂಪುಗುಂಪಾಗಿ ಸುತ್ತಿಕೊಂಡರೆ ಸಾಮಾನ್ಯವಾಗಿ ಮೇಲಿನ ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿಲ್ಲ ಎಂದರ್ಥ. ಫುಟ್ ಕೆಳಗಿಳಿಸಿಯೇ ದಾರ ಪೋಣಿಸಿದರೆ ಹೀಗಾಗುತ್ತದೆ, ಏಕೆಂದರೆ ಆಗ ಬಿಲ್ಲೆಗಳು ಬಿಗಿದುಕೊಂಡಿರುತ್ತವೆ. ಫುಟ್ ಎತ್ತಿದಾಗ ಮಾತ್ರ ಅವು ಬಾಯಿ ಬಿಡುತ್ತವೆ. ಹೊಲಿಗೆ ಬಿಟ್ಟು ಬಿಟ್ಟು ಬಿದ್ದರೆ ಸೂಜಿ ತಿರುಗುಮುರುಗಾಗಿರಬಹುದು. ಸೂಜಿಯ ಚಪ್ಪಟೆ ಬದಿ ಶಟಲ್ಲಿನ ಕಡೆಗೆ ಇರಬೇಕು, ದಾರ ಅದರ ಎದುರು ಬದಿಯಿಂದ ಹೋಗಬೇಕು. ಇಷ್ಟನ್ನು ಸರಿಪಡಿಸಲು ಐದು ನಿಮಿಷ ಸಾಕು. ಆದರೆ ‘ಸೆಟ್ಟಿಂಗ್ ಹೋಯ್ತು’ ಎಂದು ತೀರ್ಮಾನಿಸಿ ಶಟಲ್ಲಿನ ಸ್ಕ್ರೂ ಸಡಿಲಿಸಲು ಹೊರಟರೆ ಆಗ ನಿಜವಾಗಿಯೂ ಸೆಟ್ಟಿಂಗ್ ಹೋಗುತ್ತದೆ. ಕಟ್ಟುವ ಮೊದಲು ದಾರ ಪೋಣಿಸಿದ ಮಿಷನ್ನಿನದೊಂದು, ಬಾಬಿನ್ ಕೇಸಿನದೊಂದು ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಈ ತಾಪತ್ರಯವೇ ಇರುವುದಿಲ್ಲ.

ಎರಡನೆಯ ತಪ್ಪು ತಿಳಿವಳಿಕೆ, ಮಿಷನ್ ಒಯ್ಯುವುದೆಂದರೆ ಸ್ಟ್ಯಾಂಡು, ಹಲಗೆ, ಪೆಡಲ್ ಸಮೇತ ಒಯ್ಯಬೇಕು ಎಂಬುದು. ಕಾಲು ಮಿಷನ್ನಿನ ತೂಕದ ದೊಡ್ಡ ಪಾಲು ಸ್ಟ್ಯಾಂಡಿನದು, ಹೊಲಿಯುವುದು ಹೆಡ್ಡು. ಇವೆರಡನ್ನೂ ಕೂಡಿಸಿರುವುದು ಹಿಂಬದಿಯ ಎರಡು ಕೀಲುಗಳು. ಬೆಲ್ಟನ್ನು ಚಕ್ರದಿಂದ ಜಾರಿಸಿ, ಹೆಡ್ಡನ್ನು ಹಿಂದಕ್ಕೆ ವಾಲಿಸಿ ನೋಡಿದರೆ ಆ ಕೀಲುಗಳ ಹತ್ತಿರ ಎರಡು ಚಿಕ್ಕ ಸ್ಕ್ರೂಗಳು ಕಾಣುತ್ತವೆ. ಅವನ್ನು ಪೂರ್ತಿ ತೆಗೆಯಬೇಕಿಲ್ಲ, ಸಡಿಲಿಸಿದರೆ ಸಾಕು. ಹೆಡ್ಡು ಮೇಲೆ ಬರುತ್ತದೆ. ಎತ್ತುವಾಗ ಒಂದು ಕೈ ಕಂಬಕ್ಕೆ, ಇನ್ನೊಂದು ಕೈ ಅಡಿಭಾಗಕ್ಕೆ. ಚಕ್ರ ಹಿಡಿದು ಎತ್ತಲೇಬಾರದು. ಸ್ಟ್ಯಾಂಡು ಮನೆಯಲ್ಲೇ ಇರಲಿ. ಕಡ್ಡಿಗಳಿರುವ ಚಕ್ರಕ್ಕೆ ಸೇರುವ ಕೈಹಿಡಿಯೊಂದು ಮಿಷನ್ ರಿಪೇರಿ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕೂರಿಸಿ, ಹೆಡ್ಡಿಗೆ ಮರದ ಪೀಠ ಕೊಟ್ಟರೆ ಕಾಲು ಮಿಷನ್ನೇ ಕೈ ಮಿಷನ್ ಆಗುತ್ತದೆ. ಕರೆಂಟು ಬೇಡ, ಮೇಜೂ ಬೇಡ. ಕಾಫಿ ತೋಟದ ಲೈನ್ ಮನೆಯ ನೆಲದ ಮೇಲೆ ಕೂತು ಹೊಲಿಯಬಹುದು.

ಹೊಲಿಗೆ ಯಂತ್ರದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ ಯಂತ್ರವನ್ನು ಕಟ್ಟಿ ಕಳಿಸುತ್ತಿದ್ದ ಮರದ ಪೆಟ್ಟಿಗೆಯೇ ಅದರ ಮೇಜೂ ಆಗಿತ್ತು. 1933ರಲ್ಲಿ ಅದೇ ಕಂಪನಿ ಹೊರತಂದ ಫೆದರ್‌ವೇಟ್ ಅಲ್ಯೂಮಿನಿಯಂನದು, ತೂಕ ಸುಮಾರು 5 ಕಿಲೋ, ಕೈಯಲ್ಲಿ ಹಿಡಿದು ಹೋಗುವ ಪೆಟ್ಟಿಗೆಯೊಂದಿಗೇ ಮಾರಾಟವಾಗುತ್ತಿತ್ತು. ಅಷ್ಟು ದೂರವೇಕೆ, ನಮ್ಮ ತಾಂಡಾಗಳನ್ನೇ ನೋಡಿ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ನಾಡು ಸುತ್ತಿದ ಲಂಬಾಣಿಗರ ಹೆಂಗಸರು ಕಸೂತಿಯನ್ನು ಬೆಳೆಸಿದ್ದು ಅಂಥ ಅಲೆದಾಟದ ಬದುಕಿನಲ್ಲೇ. ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ ಇವತ್ತು ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಆ ಹೆಂಗಸರ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಷ್ಟು ಪ್ರಯಾಣ ಮಾಡಿದ ಸೂಜಿಯ ವಾರಸುದಾರರು ಮಿಷನ್ನಿನ ವಿಷಯದಲ್ಲಿ ಮಾತ್ರ ಹೆದರಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಬಸ್ಸಿನಲ್ಲಿ ಬಿಡುವುದಿಲ್ಲ ಎಂಬ ಅಂಜಿಕೆಯನ್ನು ಲೆಕ್ಕವೇ ಬಗೆಹರಿಸುತ್ತದೆ. ಕೆಎಸ್‌ಆರ್‌ಟಿಸಿ 2022ರಲ್ಲಿ ಪರಿಷ್ಕರಿಸಿದ ನಿಯಮದ ಪ್ರಕಾರ ಟಿಕೆಟ್ ಪಡೆದ ವಯಸ್ಕ ಪ್ರಯಾಣಿಕರು 30 ಕಿಲೋವರೆಗೆ ಸ್ವಂತ ಸಾಮಾನನ್ನು ಉಚಿತವಾಗಿ ಒಯ್ಯಬಹುದು. ರೈಲಿನ ಸಾಮಾನ್ಯ ಬೋಗಿಯಲ್ಲಿ ಮಿತಿ 35 ಕಿಲೋ, ಸ್ಲೀಪರ್‌ನಲ್ಲಿ 40. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಯವರಿಗೆ ಹೊಸಪೇಟೆ–ಹರಿಹರ ರೈಲು ಮಾರ್ಗವಿದೆ. ಕೂಡ್ಲಿಗಿ, ಹಡಗಲಿಯವರಿಗೆ ಬಸ್ಸೇ ಗತಿ. ಎರಡರಲ್ಲೂ ಹೆಡ್ಡಿನ ಪೆಟ್ಟಿಗೆ ಮಿತಿಯೊಳಗೇ ಬರುತ್ತದೆ.  

ಇನ್ನು ಎಣ್ಣೆಯ ಮಾತು. ಬಹುಜನರು ತಪ್ಪುವುದು ಇಲ್ಲೇ. ಹೊರಡುವ ಹಿಂದಿನ ದಿನ ಮಿಷನ್ನಿಗೆ ಕೊಬ್ಬರಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಧಾರಾಳವಾಗಿ ಸುರಿದರೆ ತುಕ್ಕು ಹಿಡಿಯದು ಎಂದು ನಂಬುವವರಿದ್ದಾರೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಕಾಫಿ ಕೊಯ್ಲು ನಡೆಯುವ ಡಿಸೆಂಬರ್, ಜನವರಿಯ ಮಲೆನಾಡ ಬೆಳಗು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಆಗ ಚಕ್ರ ತಿರುಗದೆ ಬಿಗಿದುಕೊಳ್ಳುತ್ತದೆ, ತಪ್ಪು ಪ್ರಯಾಣದ ತಲೆಗೆ ಬರುತ್ತದೆ! ಶೇಂಗಾ ಎಣ್ಣೆ ಹೆಪ್ಪುಗಟ್ಟದಿದ್ದರೂ ಗಾಳಿಗೆ ಕಮಟಿ, ಧೂಳು ಕೂಡಿಕೊಂಡು ಅಂಟಾಗುತ್ತದೆ. ಅಡುಗೆಯ ಎಣ್ಣೆ ಯಾವುದೂ ಬೇಡ; ತೆಳುವಾದ ಮಿಷನ್ ಎಣ್ಣೆಯನ್ನು ತೂತಿಗೊಂದು ಹನಿಯಂತೆ ಬಿಟ್ಟು, ಹಳೆ ಬಟ್ಟೆಯ ಮೇಲೆ ನಾಲ್ಕು ಸಾಲು ಹೊಲಿದು, ಹೆಚ್ಚಾದದ್ದನ್ನು ಒರೆಸಬೇಕು. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತುವುದೂ ಒಳ್ಳೆಯದಲ್ಲ. ಒಳಗಿನ ತೇವ ಹೊರಗೆ ಹೋಗಲಾರದೆ ಚಳಿಗೆ ನೀರಾಗಿ ಕಬ್ಬಿಣದ ಮೇಲೆಯೇ ಕೂರುತ್ತದೆ. ನಮ್ಮ ಬಯಲುಸೀಮೆಯ ಒಣಹವೆಯಲ್ಲಿ ಗೊತ್ತೇ ಆಗದ ಈ ತೊಂದರೆ ಘಟ್ಟದ ಸೀಮೆಯಲ್ಲಿ ಒಂದೇ ವಾರಕ್ಕೆ ಕಾಣಿಸಿಕೊಳ್ಳಬಹುದು. ಸೂಜಿ ತೆಗೆದು, ಫುಟ್ ಅಡಿ ಮಡಿಸಿದ ಬಟ್ಟೆಯಿಟ್ಟು ಫುಟ್ ಇಳಿಸಿ, ಬಾಬಿನ್ ಕೇಸನ್ನು ಬೇರೆ ಡಬ್ಬಿಗೆ ಹಾಕಿ, ಹೆಡ್ಡನ್ನು ಹತ್ತಿಯ ಸೀರೆಯಲ್ಲೋ ಕೌದಿಯಲ್ಲೋ ಸುತ್ತಿ, ಮರದ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಚಕ್ರದ ಬದಿಗೆ ಬಟ್ಟೆಯ ಉಂಡೆ ತುರುಕಿದರೆ ಮುಗಿಯಿತು. ಮಲಗಿಸಬಾರದು, ಅದರ ಮೇಲೆ ಚೀಲ ಹೇರಬಾರದು.

ಒಂದು ವಿಷಯದಲ್ಲಿ ಹಳೆಯ ನಂಬಿಕೆಗೆ ನ್ಯಾಯ ಸಲ್ಲಬೇಕು. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿರುವ ವೇಗದ ಮಿಷನ್ನುಗಳ ಅಡಿಯಲ್ಲಿ ಎಣ್ಣೆಯ ತೊಟ್ಟಿ, ಮೇಜಿಗೆ ಕೂರಿಸಿದ ಮೋಟಾರು ಇರುತ್ತವೆ. ಎಣ್ಣೆ ಬಸಿಯದೆ ಅವನ್ನು ಎತ್ತಿದರೆ ರಾದ್ಧಾಂತವೇ. ಮತ್ತೆ ಕೂರಿಸಲು ಮೆಕ್ಯಾನಿಕ್ ಬೇಕು. ಆ ಮಿಷನ್ನಿನ ಬಗ್ಗೆ ಸರಿಯಾದ ಮಾತನ್ನು ಮನೆಯ ಮಿಷನ್ನಿಗೂ ಅಂಟಿಸಿದ್ದರಿಂದ ಗೊಂದಲ ಹುಟ್ಟಿರಬಹುದು. ದೀಪ ಹಚ್ಚಿದ ಮೇಲೆ ಸೂಜಿ ಕೊಡಬಾರದು ಎಂಬ ಹಿರಿಯರ ಮಾತಿನಲ್ಲೂ, ಬುಡ್ಡಿದೀಪದ ಕಾಲಕ್ಕೆ, ಹುರುಳಿತ್ತು. ಮಬ್ಬಿನಲ್ಲಿ ಬಿದ್ದ ಸೂಜಿ ಕಾಲಿಗೇ ಸಿಗುತ್ತದೆ. ಗುಳೆಯ ಬಿಡಾರದಲ್ಲಿ ಮಕ್ಕಳು ನೆಲದ ಮೇಲೇ ಮಲಗುವುದರಿಂದ ಸೂಜಿಗಳನ್ನು ಎಣಿಸಿ, ಉಣ್ಣೆಯ ತುಂಡಿಗೆ ಚುಚ್ಚಿ, ಮುಚ್ಚಳವಿರುವ ಡಬ್ಬಿಯಲ್ಲಿಡುವುದು ಇವತ್ತಿಗೂ ಸರಿ. ರವಿಕೆಗೆ 14ನೇ ನಂಬರಿನವು, ದಪ್ಪ ಬಟ್ಟೆಗೆ 16ನೆಯವು ಒಂದಿಷ್ಟು ಇದ್ದರೆ ಸಾಕು. ಗೋಣಿಚೀಲ ಹೊಲಿಯಲು ಈ ಮಿಷನ್ನನ್ನು ಕೊಡಬೇಡಿ.

ಗಟ್ಟಿಯಾದ ಆಕ್ಷೇಪ ಬೇರೆ ಇದೆ. ದಿನವಿಡೀ ಕಾಫಿ ಕೊಯ್ದು, ಕಲ್ಲು ಹೊತ್ತು ಬಂದವರು ಹೊಲಿಯುವುದು ಯಾವಾಗ? ಶೆಡ್ಡಿನಲ್ಲಿ ಮಿಷನ್ ಕಳುವಾದರೆ ಗತಿಯೇನು? ಎರಡೂ ನ್ಯಾಯವಾದ ಪ್ರಶ್ನೆಗಳು. ಎಲ್ಲರೂ ಒಯ್ಯಲೇಬೇಕೆಂದು ನಾನು ಹೇಳುತ್ತಿಲ್ಲ. ತಗಡಿನ ಗೋಡೆಯ, ಚಿಲಕವಿಲ್ಲದ ಶೆಡ್ಡಾದರೆ ಮನೆಯಲ್ಲಿ ಬಿಡುವುದೇ ಲೇಸು. ಆದರೆ ಗುಂಪಿನಲ್ಲಿ ಬಾಣಂತಿ, ಹಸುಗೂಸಿನ ತಾಯಿ, ಭಾರ ಎತ್ತಲಾರದ ಹಿರಿಯರು ಬಿಡಾರದಲ್ಲೇ ಉಳಿಯುವುದುಂಟು. ವಾರದ ರಜೆಯೂ ಇರುತ್ತದೆ. ಬೀಗವಿರುವ ಕೋಣೆ ಕೊಡುವ ಕಡೆ ರವಿಕೆ, ಲಂಗ, ಹರಿದ ಅಂಗಿಯ ಕೆಲಸ ಆ ಗುಂಪಿನೊಳಗೇ ಹುಟ್ಟುತ್ತದೆ. ಊರಲ್ಲಿ ಬಿಟ್ಟರೆ ಮಿಷನ್ ಸುರಕ್ಷಿತ ಎಂಬುದೂ ಅರ್ಧ ಸತ್ಯ. ಮುಚ್ಚಿದ ಮನೆಯಲ್ಲಿ ಕೆಂಪು ಧೂಳು ಎಣ್ಣೆಯೊಂದಿಗೆ ಕೂಡಿ ಗಟ್ಟಿಯಾಗುತ್ತದೆ, ಚರ್ಮದ ಬೆಲ್ಟನ್ನು ಇಲಿ ಕಡಿಯುತ್ತದೆ. ಬಿಟ್ಟು ಹೋಗುವವರೂ ಒರೆಸಿ, ಬೆಲ್ಟು ಬಿಚ್ಚಿ ಡಬ್ಬಿಯಲ್ಲಿಟ್ಟು ಹೋಗಬೇಕು.

2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳೂ ಸೇರಿದ್ದಾರೆ. ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವಿದೆ. ಗೃಹಲಕ್ಷ್ಮಿ ಯೋಜನೆಯ ಹಣ ಕೂಡಿಟ್ಟು ಮಿಷನ್ ಕೊಂಡವರ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿದೆ. ಹೀಗೆ ಮನೆ ಸೇರುವ ಯಂತ್ರಗಳ ಜೊತೆ ಒಂದು ತಿಳಿವಳಿಕೆಯೂ ಹೋಗಬೇಕು. ಈ ಐದು ತಾಲ್ಲೂಕುಗಳಲ್ಲಿ ಹೊಲಿಗೆ ತರಬೇತಿ ಕೊಡುವವರು ಅಳತೆ, ಕಟಿಂಗ್ ಕಲಿಸುವ ದಿನಗಳಲ್ಲಿ ಅರ್ಧ ದಿನವನ್ನು ಇದಕ್ಕೆ ಎತ್ತಿಡಲಿ: ಪ್ರತಿಯೊಬ್ಬ ಹೆಣ್ಣುಮಗಳೂ ತನ್ನ ಕೈಯಾರೆ ಆ ಎರಡು ಸ್ಕ್ರೂ ಸಡಿಲಿಸಿ, ಹೆಡ್ಡು ಎತ್ತಿ, ಪೆಟ್ಟಿಗೆಗೆ ಕಟ್ಟಿ, ಮತ್ತೆ ಬಿಚ್ಚಿ ಕೂರಿಸಿ, ಒಂದು ಸಾಲು ಹೊಲಿದು ತೋರಿಸುವವರೆಗೆ ಪ್ರಮಾಣಪತ್ರ ಕೊಡದಿರಲಿ.