ಮನೆಯಲ್ಲಿ ಕಾಕ್‌ಟೇಲ್: ಶೇಕರ್ ಆಮೇಲೆ, ಮೊದಲು ಜಿಗ್ಗರ್

ಈ ವಾರದ ವಿಡಿಯೋದಲ್ಲಿ ಆಡಿದ ಮಾತನ್ನೇ ಓದೋಕೆ ಅನುಕೂಲ ಆಗೋ ಹಾಗೆ ಸ್ವಲ್ಪ ತಿದ್ದಿ ಹಾಕಿದ್ದೀನಿ. ಮನೆಯಲ್ಲಿ ಕಾಕ್‌ಟೇಲ್ ಮಾಡೋಕೆ ಯಾವ ಸಾಮಾನು ನಿಜವಾಗಿ ಬೇಕು, ಯಾವುದು ಬರೀ ಶೋಕಿ ಅನ್ನೋದು ವಿಷಯ. ಕುಡಿಯದೇ ಇರೋರು ಇಲ್ಲಿಗೇ ನಿಲ್ಲಿಸಿದರೂ ಬೇಜಾರಿಲ್ಲ. ವಯಸ್ಸಾಗದೇ ಇರೋರು ನಿಲ್ಲಿಸಲೇಬೇಕು. ಆ ವಯಸ್ಸು ದೆಹಲಿಯಲ್ಲಿ 25, ಯಮುನೆ ದಾಟಿ ನಮ್ಮ ನೋಯ್ಡಾಕ್ಕೆ ಬಂದರೆ 21.

ನಾನು ಕೋಡ್ ಬರೆಯೋನು, ಬಾರ್‌ಟೆಂಡರ್ ಅಲ್ಲ. ಹಾಗಾಗಿ ಎಲ್ಲ ಹೊಸಬರ ಹಾಗೆ ನಾನೂ ಮೊದಲು ಆನ್‌ಲೈನ್‌ನಲ್ಲಿ 24 ಪೀಸಿನ ಸೆಟ್ ತರಿಸಿದೆ. ಬಿದಿರಿನ ಸ್ಟ್ಯಾಂಡು, ಅದರ ತುಂಬ ಮಿಣಮಿಣ ಸ್ಟೀಲು. ಆರು ತಿಂಗಳಾದ ಮೇಲೆ ನೋಡಿದರೆ ಬಳಸಿದ್ದು ನಾಲ್ಕೇ ನಾಲ್ಕು, ಅದರಲ್ಲಿ ಒಂದು ಬಾಟಲ್ ಓಪನರ್. ಸೆಟ್‌ನಲ್ಲಿ ಜಿಗ್ಗರ್ ಇತ್ತು, ಅಂದರೆ ಎರಡೂ ಕಡೆ ಬಾಯಿರೋ ಆ ಪುಟ್ಟ ಅಳತೆ ಕಪ್ಪು. ಅದನ್ನ ಮುಟ್ಟೇ ಇರಲಿಲ್ಲ. ಗ್ಲಾಸಿನಲ್ಲಿ ಎರಡು ಬೆರಳು ಹಾಕಿದರೆ ಒಂದು ಲಾರ್ಜ್, ಇಷ್ಟಕ್ಕೆ ಕಪ್ಪು ಯಾಕೆ ಅನ್ನೋ ಧಿಮಾಕು.

ಹೋದ ನವೆಂಬರ್‌ನಲ್ಲಿ ನಮ್ಮ ಫ್ಲಾಟಿನಲ್ಲಿ ಐದಾರು ಜನ ಕನ್ನಡದವರು ಸೇರಿದ್ದೆವು. ಒಬ್ಬ ಗೆಳೆಯ ಮಯೂರ್ ವಿಹಾರ್‌ನಿಂದ ಕಾರಲ್ಲಿ ಬಂದಿದ್ದ. "ಎರಡೇ ಕಣೋ, ನಾನೇ ಓಡಿಸ್ಕೊಂಡು ಹೋಗ್ತೀನಿ" ಅಂದ. ನಾನೂ ಎರಡೇ ಕೊಟ್ಟಿದ್ದೆ, ಹಾಗಾಗಿ ಹೂಂ ಅಂದೆ. ಬೇಸ್‌ಮೆಂಟ್ ಪಾರ್ಕಿಂಗಿನಿಂದ ಹೊರಗೆ ಬರೋ ಮೊದಲೇ ಕಾರು ಕಂಬಕ್ಕೆ ಒರೆಸಿತು. ಬಾಗಿಲು ನುಗ್ಗಾಯಿತು, ಯಾರಿಗೂ ಏನೂ ಆಗಲಿಲ್ಲ. ಅವನ ಹೆಂಡತಿ ಕೀ ಕಿತ್ಕೊಂಡು ಕ್ಯಾಬ್ ಕರೆಸಿದರು. ನನ್ನ ಕಡೆ ಅವರು ನೋಡಿದ ನೋಟ ಇನ್ನೂ ಮರೆತಿಲ್ಲ.

ಮಾರನೇ ದಿನ ಅದೇ ಗ್ಲಾಸಿಗೆ ಅದೇ ಎರಡು ಬೆರಳು ನೀರು ಹಾಕಿ ಅಡುಗೆಮನೆ ತಕ್ಕಡಿ ಮೇಲಿಟ್ಟೆ. ಒಂದು ಗ್ರಾಂ ನೀರು ಅಂದರೆ ಒಂದು ಮಿ.ಲೀ. ತಕ್ಕಡಿ 90 ತೋರಿಸಿತು. ಹಬ್ಬಕ್ಕೆ ಅಂತ ಗ್ಲಾಸು ಬದಲಾಯಿಸಿದ್ದೆ, ಅಲ್ಲೇ ಆಗಿತ್ತು ಎಡವಟ್ಟು. ಹಳೇ ಗ್ಲಾಸಿನ ಒಳಗಿನ ಅಗಲ 5 ಸೆಂ.ಮೀ., ಹೊಸದರದ್ದು 6. ನನ್ನ ಎರಡು ಬೆರಳು ಸುಮಾರು 3.2 ಸೆಂ.ಮೀ. ಎತ್ತರ. ಪೈ ಆರ್ ಸ್ಕ್ವೇರ್ ಎಚ್ ಹಾಕಿ ನೋಡಿ: ಹಳೇದರಲ್ಲಿ 63 ಮಿ.ಲೀ., ಹೊಸದರಲ್ಲಿ 90. ಅಗಲ ಒಂದೇ ಸೆಂಟಿಮೀಟರ್ ಜಾಸ್ತಿ, ಆದರೆ ತ್ರಿಜ್ಯ ವರ್ಗವಾಗುತ್ತಲ್ಲ! ಎಂಟೆಕ್ ಮಾಡಿದವನಿಗೆ ಹೊಳೆಯಲಿಲ್ಲ ಇದು.

ಎರಡು ಸಲ 90 ಅಂದರೆ 180. ನಮ್ಮೂರ ಭಾಷೆಯಲ್ಲಿ ಒಂದು ಪೂರ್ತಿ ಕ್ವಾರ್ಟರ್. ಇಲ್ಲಿನ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8% ಅಂತಿರುತ್ತೆ. ಆ ವಿಚಿತ್ರ ಸಂಖ್ಯೆ ಬಂದಿದ್ದು ಬ್ರಿಟಿಷರ ಹಳೇ 'ಪ್ರೂಫ್' ಲೆಕ್ಕದಿಂದ. ಅವರ ಪ್ರೂಫ್ 57.1%, ಅದರ ಮುಕ್ಕಾಲು ಭಾಗ ಇದು. ಆಲ್ಕೋಹಾಲ್‌ನ ಸಾಂದ್ರತೆ 0.789 ಹಿಡಿದರೆ 120 ಮಿ.ಲೀ.ನಲ್ಲಿ ಸುಮಾರು 40 ಗ್ರಾಂ ಆಲ್ಕೋಹಾಲ್, 180ರಲ್ಲಿ 60 ಗ್ರಾಂ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. ನಿಜ ಹೇಳಬೇಕಂದರೆ ಸರಿಯಾಗಿ ಅಳೆದು ಎರಡು ಲಾರ್ಜ್ ಕೊಟ್ಟಿದ್ದರೂ ಅವನು ಸ್ಟೀರಿಂಗ್ ಹಿಡಿಯಬಾರದಿತ್ತು. ಆದರೆ ಅವನು ಎಷ್ಟು ಕುಡಿದ ಅನ್ನೋದು ಅವನಿಗೂ ಗೊತ್ತಿರಲಿಲ್ಲ, ಕೊಟ್ಟ ನನಗೂ ಗೊತ್ತಿರಲಿಲ್ಲ. ಕಾಕ್‌ಟೇಲ್‌ನಲ್ಲಂತೂ ಸಿಹಿ ಹುಳಿ ಸೇರಿ ಘಾಟೇ ಮುಚ್ಚಿಹೋಗುತ್ತೆ, ನಾಲಿಗೆ ಎಚ್ಚರಿಕೆ ಕೊಡಲ್ಲ.

ಹಾಗಾಗಿ ಒಂದೇ ಒಂದು ಸಾಮಾನು ಕೊಳ್ಳೋದಾದರೆ ಜಿಗ್ಗರ್ ಕೊಳ್ಳಿ. ಒಳಗೆ 15, 30, 45, 60 ಅಂತ ಗೀಟು ಕೊರೆದಿರೋದು ಒಳ್ಳೇದು. ತಂದ ತಕ್ಷಣ ತಕ್ಕಡಿ ಮೇಲಿಟ್ಟು ನೀರು ತುಂಬಿ ಪರೀಕ್ಷೆ ಮಾಡಿ. ನನ್ನ ಸೆಟ್‌ನಲ್ಲಿದ್ದ '30' ಬಾಯಿ ತುಂಬಿದರೂ ಹಿಡೀತಿದ್ದದ್ದು 26. ರುಚಿಗೂ ಇದೇ ಬೇಕು. ವಿಸ್ಕಿ ಸೋರ್‌ಗೆ ನಾನು ಹಾಕೋದು 60 ವಿಸ್ಕಿ, 25 ನಿಂಬೆರಸ, 20 ಸಕ್ಕರೆ ಪಾಕ. ಪಾಕಕ್ಕೆ ಸಕ್ಕರೆ, ನೀರು ಸಮತೂಕ. ನಿಂಬೆ 10 ಮಿ.ಲೀ. ಹೆಚ್ಚಾದರೆ ಮುಖ ಹಿಂಡ್ಕೋಬೇಕು, ಅಷ್ಟೇ.

ಎರಡನೇದು ಶೇಕರ್. ಅಂಗಡಿಯಲ್ಲಿ ಹೆಚ್ಚು ಸಿಗೋದು ಮೂರು ಭಾಗದ್ದು, ತಲೆಯಲ್ಲೇ ಜರಡಿ ಇರೋದು. ನೋಡೋಕೆ ಚೆಂದ, ಆದರೆ ಅಲ್ಲಾಡಿಸಿದ ಮೇಲೆ ಮುಚ್ಚಳ ಕಚ್ಚಿಕೊಂಡು ಬಿಡುತ್ತೆ. ಜೂನ್‌ನ ನೋಯ್ಡಾದಲ್ಲಿ ಒಳಗಿನ ಗಾಳಿ 35 ಡಿಗ್ರಿ ಇದ್ದದ್ದು ಕೆಲವೇ ಸೆಕೆಂಡಿನಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತೆ, ಒತ್ತಡ ಹತ್ತರಲ್ಲೊಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತೆ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತೆ. ಎರಡು ಸ್ಟೀಲ್ ಲೋಟ ಒಂದರೊಳಗೊಂದು ಕೂರೋ ಬಾಸ್ಟನ್ ಶೇಕರ್ ಆದರೆ ಪಕ್ಕದಿಂದ ಅಂಗೈಯಲ್ಲಿ ಒಂದು ಏಟು ಕೊಟ್ಟರೆ ಬಿಟ್ಟುಕೊಳ್ಳುತ್ತೆ. ದುಡ್ಡು ಹಾಕೋ ಮನಸ್ಸಿಲ್ಲ ಅಂದರೆ ಗಟ್ಟಿ ಸ್ಕ್ರೂ ಮುಚ್ಚಳದ ಅಗಲ ಬಾಯಿಯ ಜಾಮ್ ಬಾಟಲಿ ಸಾಕು. ಯಾವುದಕ್ಕೇ ಆಗಲಿ, ಸೋಡಾ ಮಾತ್ರ ಹಾಕಿ ಅಲ್ಲಾಡಿಸಬೇಡಿ. ಅದು ಕೊನೆಗೆ, ಗ್ಲಾಸಿಗೆ.

ಶೇಕರ್‌ನ ಒಳಗೆ ಕೆಲಸ ಮಾಡೋದು ಐಸ್. ಒಂದು ಗ್ರಾಂ ಐಸ್ ಕರಗೋಕೆ 334 ಜೂಲ್ ಶಾಖ ಬೇಕು. ಅಷ್ಟರಲ್ಲಿ 80 ಗ್ರಾಂ ನೀರು ಒಂದು ಡಿಗ್ರಿ ತಣ್ಣಗಾಗುತ್ತೆ. ಅಂದರೆ ತಂಪೂ ನೀರೂ ಒಟ್ಟಿಗೇ ಬರೋದು, ಒಂದನ್ನ ಬಿಟ್ಟು ಇನ್ನೊಂದಿಲ್ಲ. ಕರಗಿ ಸೇರೋ ಈ ನೀರೂ ರೆಸಿಪಿಯ ಭಾಗವೇ. 12ರಿಂದ 15 ಸೆಕೆಂಡ್ ಜೋರಾಗಿ ಅಲ್ಲಾಡಿಸಿದರೆ ಮುಗೀತು, ಆಮೇಲೆ ಹೆಚ್ಚೇನೂ ತಣ್ಣಗಾಗಲ್ಲ. ಆದರೆ ಫ್ರಿಜ್ಜಿನಿಂದ ಐಸ್ ತೆಗೆದಿಟ್ಟು ಹತ್ತು ನಿಮಿಷ ಹರಟೆ ಹೊಡೆದು ಆಮೇಲೆ ಹಾಕಿದರೆ ಐಸ್ ಮೈಮೇಲಿನ ನೀರೆಲ್ಲ ಸೇರಿ ಕುಡಿಯೋದು ಸಪ್ಪೆ. ಇಲ್ಲಿನ ಬಿಸಿಲಿಗೆ ಐಸ್ ಕೊನೇ ಗಳಿಗೆಯಲ್ಲೇ ಹೊರಗೆ ಬರಬೇಕು. ದೊಡ್ಡ ತುಂಡಿನ ಸಿಲಿಕಾನ್ ಟ್ರೇ ಒಂದು ಕೊಂಡರೆ ಅದು ಶೋಕಿ ಅಲ್ಲ.

ಉಳಿದದ್ದೆಲ್ಲ ಅಡುಗೆಮನೆಯಲ್ಲೇ ಇದೆ. ಸೋಸೋಕೆ ಟೀ ಜರಡಿ. ಪುದೀನ ಜಜ್ಜೋಕೆ ಲಟ್ಟಣಿಗೆಯ ತುದಿ, ಅದೂ ಮೆತ್ತಗೆ, ಚಟ್ನಿ ಮಾಡಿದರೆ ಕಹಿ. ಕಲಕೋಕೆ ಉದ್ದ ಹಿಡಿಯ ಚಮಚ. ನಿಂಬೆ ಹಿಂಡೋದು ಯಾರ ಮನೆಯಲ್ಲಿಲ್ಲ?

ತಾಮ್ರದ ಮಗ್ಗಿನ ಬಗ್ಗೆ ಮಾತ್ರ ಒಂದು ಮಾತು. ಹಿತ್ತಾಳೆ ಊರು ಅಂತಲೇ ಹೆಸರಾದ ಮೊರಾದಾಬಾದ್ ನಮಗೆ ಹತ್ತಿರ, ಹಾಗಾಗಿ ಚಾವ್ಡಿ ಬಜಾರ್‌ನ ಪಾತ್ರೆ ಅಂಗಡಿಗಳಲ್ಲಿ ತಾಮ್ರ ಹಿತ್ತಾಳೆಗೆ ಬರವಿಲ್ಲ. ಮಾಸ್ಕೋ ಮ್ಯೂಲ್‌ಗೆ ಅಂತ ಮಗ್ಗು ತಂದಿದ್ದೆ. ತುಮಕೂರಿನಿಂದ ಬಂದಿದ್ದ ಅಮ್ಮ ಅದರೊಳಗೆ ಇಣುಕಿ, "ಕಲಾಯಿ ಎಲ್ಲೋ? ಇದಕ್ಕೆ ಹುಳಿ ಹಾಕಿದರೆ ಕಿಲುಬು ಹತ್ತಲ್ವಾ?" ಅಂದರು. ಅವರು ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಡದೇ ಬೆಳೆದವರು. ಅಮೆರಿಕದ ಎಫ್‌ಡಿಎ ಆಹಾರ ಸಂಹಿತೆ ಹೇಳೋದೂ ಅದನ್ನೇ: ಪಿಎಚ್ 6ಕ್ಕಿಂತ ಕಡಿಮೆ ಇರೋ ಆಹಾರ ಬರೀ ತಾಮ್ರಕ್ಕೆ ತಾಗಬಾರದು. ನಿಂಬೆರಸದ ಪಿಎಚ್ 2ರ ಆಸುಪಾಸು. ಒಳಗೂ ಕೆಂಪಗಿದ್ದರೆ ಬೇಡ, ಒಳಗೆ ಸ್ಟೀಲಿನ ಪದರ ಇರೋದನ್ನೇ ತಗೊಳ್ಳಿ. ನನ್ನದರಲ್ಲಿ ಈಗ ಪೆನ್ನುಗಳಿವೆ.

ಹಳೇ ಸೆಟ್ ಕೊಟ್ಟುಬಿಟ್ಟೆ. ಜಿಗ್ಗರ್, ಎರಡು ಸ್ಟೀಲ್ ಲೋಟ ಎರಡನ್ನೂ ಸದರ್ ಬಜಾರ್‌ನ ಡೆಪ್ಯುಟಿ ಗಂಜ್‌ನಲ್ಲಿ ಹುಡುಕಿ ತಂದೆ, ಅಲ್ಲಿ ಬೀದಿಗೆ ಬೀದಿಯೇ ಪಾತ್ರೆ ಅಂಗಡಿ. ಮಯೂರ್ ವಿಹಾರ್‌ನ ಗೆಳೆಯ ಈಗಲೂ ಬರ್ತಾನೆ, ಮೆಟ್ರೋದಲ್ಲಿ. ಅವನಿಗೆ ಒಂದೊಂದು ಗ್ಲಾಸಿಗೂ 45 ಮಿ.ಲೀ., ಅವನ ಎದುರಿಗೇ ಅಳೆದು ಹಾಕ್ತೀನಿ. "ಏನ್ ಗುರು, ಇಷ್ಟು ಜಿಪುಣ ಆದೆ" ಅಂತಾನೆ. ಅಂದುಕೊಳ್ಳಲಿ.