ಒಂದೇ ಕಡೆ ಇಳಿಜಾರು: ಉಳಿಯ ಬಾಯಿಯಲ್ಲಿ ಅಡಗಿದ ಭೌತಶಾಸ್ತ್ರ

ಇಂಗಳೇಶ್ವರಕ್ಕೆ ಹೋದವರು ಅಲ್ಲಿನ ವಚನ ಶಿಲಾಮಂಟಪವನ್ನು ನೋಡದೆ ಬರುವುದು ಕಡಿಮೆ. ಕಲ್ಲಿನ ಮೇಲೆ ಕೊರೆದ ವಚನಗಳನ್ನು ಓದುವಾಗ ಆ ಅಕ್ಷರಗಳನ್ನು ಮೂಡಿಸಿದ ಚಾಣದ ಕಡೆಗೆ ನಮ್ಮ ಲಕ್ಷ್ಯ ಹೋಗುವುದಿಲ್ಲ. ಮುಂದಿನ ಸಲ ಆ ಕಡೆಗೆ ಹೋದಾಗ ಯಾರಾದರೊಬ್ಬ ಬಡಿಗರ ಪಡಸಾಲೆಯಲ್ಲಿಯೂ ಐದು ನಿಮಿಷ ಕುಳಿತು ಬನ್ನಿ. ಕಲ್ಲುಕುಟಿಗರ ಚಾಣದ ಮೊನೆ ಸುತ್ತಲೂ ಸಮನಾಗಿ ಚೂಪಾಗುತ್ತ ಬಂದಿರುತ್ತದೆ. ಬಡಿಗರ ಉಳಿ ಹಾಗಲ್ಲ. ಅದರ ಒಂದು ಮೈ ಪೂರ್ತಿ ಸಪಾಟು. ಇನ್ನೊಂದು ಮೈ ತುದಿಯ ಹತ್ತಿರ ಇಳಿಜಾರಾಗಿ ಬಂದು ಸಪಾಟು ಮೈಯನ್ನು ಕೂಡುತ್ತದೆ. ಬಾಚಿಯನ್ನು ತಿರುಗಿಸಿ ನೋಡಿ, ರಂದದ ಅಲಗನ್ನು ಬಿಚ್ಚಿ ನೋಡಿ, ಮನೆಯ ಕತ್ತರಿಯ ಎರಡು ಅಲಗುಗಳನ್ನು ಬೇರೆ ಬೇರೆಯಾಗಿ ನೋಡಿ. ಎಲ್ಲದರಲ್ಲೂ ಇಳಿಜಾರು ಒಂದೇ ಕಡೆ.

ಇದೇಕೆ ಹೀಗೆ? ಸಾಣೆ ಹಿಡಿಯುವ ಶ್ರಮ ಅರ್ಧ ಉಳಿಯಲಿ ಎಂದೇ? ಅಲ್ಲ.

ಮೊದಲು ಹರಿತ ಎಂದರೆ ಏನೆಂದು ತಿಳಿಯೋಣ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. 20 ಮಿಲಿಮೀಟರ್ ಅಗಲದ ಉಳಿಯ ಅಂಚಿನ ದಪ್ಪ ಒಂದು ಮೈಕ್ರೊಮೀಟರ್ ಇದೆಯೆನ್ನಿ. ಅಂಚಿನ ವಿಸ್ತೀರ್ಣ ಒಂದು ಚದರ ಮೀಟರಿನ ಐದು ಕೋಟಿಯಲ್ಲಿ ಒಂದು ಭಾಗ. ಕೈಯಿಂದ 10 ನ್ಯೂಟನ್, ಅಂದರೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಬಲದಿಂದ ನೂಕಿದರೂ ಅಂಚಿನಲ್ಲಿ 500 ಮೆಗಾಪ್ಯಾಸ್ಕಲ್ ಒತ್ತಡ ಉಂಟಾಗುತ್ತದೆ. ಒಣಗಿದ ಸಾಗುವಾನಿ ಮರ ನಾರಿನ ಉದ್ದಕ್ಕೆ ತಾಳಬಲ್ಲ ಒತ್ತಡ 50ರಿಂದ 60 ಮೆಗಾಪ್ಯಾಸ್ಕಲ್ ಮಾತ್ರ. ಅದೇ ಉಳಿ ಮೊಂಡಾಗಿ ಅಂಚಿನ ದಪ್ಪ 50 ಮೈಕ್ರೊಮೀಟರ್ ಆಯಿತೆನ್ನಿ. ಅದು ನಮ್ಮ ಒಂದು ತಲೆಗೂದಲಿನಷ್ಟೂ ಅಲ್ಲ, ಕಣ್ಣಿಗೆ ಹೆಚ್ಚೇನೂ ವ್ಯತ್ಯಾಸ ಕಾಣಿಸದು. ಆದರೆ ಒತ್ತಡ 10 ಮೆಗಾಪ್ಯಾಸ್ಕಲಿಗೆ ಇಳಿಯಿತು. ಮರ ಕತ್ತರಿಸದು. ಆಗ ಬಡಿಗ ಬಲ ಹೆಚ್ಚಿಸುತ್ತಾನೆ, ಉಳಿ ಜಾರುತ್ತದೆ, ಮರ ಹಿಡಿದ ಇನ್ನೊಂದು ಕೈಗೆ ನೆಡುತ್ತದೆ. ಹರಿತವಾದ ಉಳಿಗಿಂತ ಮೊಂಡ ಉಳಿಯೇ ಹೆಚ್ಚು ಅಪಾಯಕಾರಿ ಎಂದು ಬಡಿಗರು ಹೇಳುವುದು ಇದಕ್ಕೇ.

ಈಗ ಇಳಿಜಾರಿನ ಪ್ರಶ್ನೆಗೆ ಬರೋಣ. ಯಾವ ಅಲಗಾದರೂ ಒಂದು ಬೆಣೆ. ಎರಡೂ ಕಡೆ ಇಳಿಜಾರಿರುವ ಬೆಣೆಯನ್ನು ಮರಕ್ಕೆ ಹೊಡೆದಾಗ ಮರವು ಎರಡೂ ಮೈಗಳನ್ನು ಸಮನಾಗಿ ಒತ್ತುತ್ತದೆ. ಅಡ್ಡ ಬಲಗಳು ಒಂದನ್ನೊಂದು ರದ್ದು ಮಾಡುತ್ತವೆ. ಬೆಣೆ ನೆಟ್ಟಗೆ ಇಳಿಯುತ್ತದೆ. ಕೊಡಲಿಗೆ ಬೇಕಾದದ್ದು ಇದೇ. ಒಂದೇ ಇಳಿಜಾರಿನ ಉಳಿಯಲ್ಲಿ ಇಳಿಜಾರು ಮೈಯ ಮೇಲೆ ಬೀಳುವ ಲಂಬ ಬಲಕ್ಕೆ ಎರಡು ಘಟಕಗಳಿವೆ. ಒಂದು ಉಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಇನ್ನೊಂದು ಅದನ್ನು ಸಪಾಟು ಬೆನ್ನಿನ ಕಡೆಗೆ ದೂಡುತ್ತದೆ. ಘರ್ಷಣೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ಅಡ್ಡ ಬಲ ನಾವು ನೂಕುವ ಬಲದ ಕಾಟ್ ಥೀಟಾ ಪಟ್ಟು. ಇಳಿಜಾರಿನ ಕೋನ 25 ಡಿಗ್ರಿ ಇದ್ದರೆ ಇದು 2.14. ಅಂದರೆ ನೀವು 10 ನ್ಯೂಟನ್ ನೂಕಿದರೆ ಉಳಿ 21 ನ್ಯೂಟನ್ ಬಲದಿಂದ ಪಕ್ಕಕ್ಕೆ ಒತ್ತಲ್ಪಡುತ್ತದೆ! ಘರ್ಷಣೆ ಸೇರಿಸಿದರೆ ಇದು ತಗ್ಗುತ್ತದೆ, ಆದರೆ ಇಲ್ಲವಾಗುವುದಿಲ್ಲ.

ಇದು ದೋಷವೇ? ಬೆನ್ನಿಗೆ ಆಧಾರವಿದ್ದರೆ ಇದೇ ಗುಣ. ಉಳಿಯ ಬೆನ್ನನ್ನು ಮರದ ಮೇಲೆ ಸಪಾಟಾಗಿ ಇಟ್ಟು ನೂಕಿದಾಗ ಅಡ್ಡ ಬಲ ಅದನ್ನು ಮರಕ್ಕೆ ಅಂಟಿಸಿ ಹಿಡಿಯುತ್ತದೆ. ತೆಳುವಾದ ಹೆರೆ ಮಾತ್ರ ಇಳಿಜಾರಿನ ಮೇಲೆ ಬಾಗಿ ಎದ್ದು ಹೋಗುತ್ತದೆ. ಹಿಂದೆ ಉಳಿಯುವ ಮೈ ಬೆನ್ನಿನಷ್ಟೇ ಸಪಾಟು. ಆದರೆ ಬಾಗಿಲ ಚೌಕಟ್ಟಿಗೆ ತೂತು ಕೊರೆಯುವಾಗ ಗೆರೆಯ ಮೇಲೇ ಉಳಿ ಇಟ್ಟು ಹೊಡೆದರೆ ಅದು ಗೆರೆ ದಾಟಿ ಬೆನ್ನಿನ ಕಡೆಗೆ ಸರಿಯುತ್ತದೆ. ಅನುಭವಿ ಬಡಿಗರು ಮೊದಲು ಗೆರೆಯಿಂದ ಸ್ವಲ್ಪ ಒಳಗೆ ಕಡಿದು ತೆಗೆದು, ಕೊನೆಗೆ ಗೆರೆಯ ಮೇಲೆ ತೆಳ್ಳಗೆ ಹೆರೆಯುತ್ತಾರೆ. ತೆಳು ಹೆರೆ ಸುಲಭವಾಗಿ ಬಾಗುವುದರಿಂದ ಅಡ್ಡ ಬಲವೂ ಅಲ್ಪ. ಕಾಟ್ ಥೀಟಾ ಕೇಳಿರದ ಕೈಗಳು ಅದನ್ನು ಚೆನ್ನಾಗಿಯೇ ಬಲ್ಲವು.

ಬಾಣದ ಅಲಗಿನಲ್ಲಿ ಈ ಅಡ್ಡ ಬಲ ಇನ್ನೊಂದು ವೇಷ ತೊಡುತ್ತದೆ. ಅಮೆರಿಕ ಮುಂತಾದ ಕಡೆ ಬಿಲ್ಲುಬೇಟೆಗಾರರು ಬಳಸುವ ಕೆಲವು ಅಗಲ ಮೊನೆಗಳಿಗೆ ಎರಡು ಅಲಗು. ಎಡ ಅಲಗಿನ ಇಳಿಜಾರು ಮುಂಬದಿಗೆ, ಬಲ ಅಲಗಿನದು ಹಿಂಬದಿಗೆ. ಎಡ ಅಲಗು ಹಿಂದಕ್ಕೂ ಬಲ ಅಲಗು ಮುಂದಕ್ಕೂ ದೂಡಲ್ಪಡುವುದರಿಂದ ಒಂದು ಬಲಯುಗ್ಮ ಉಂಟಾಗಿ ಮೊನೆ ಒಳಹೊಕ್ಕಂತೆ ತಿರುಗುತ್ತದೆ. ಬಾಣದ ಗರಿಗಳನ್ನು ಓರೆಯಾಗಿ ಅಂಟಿಸಿ, ಗಾಳಿಯಲ್ಲಿಯೂ ಅದೇ ದಿಕ್ಕಿಗೆ ತಿರುಗುವಂತೆ ನೋಡಿಕೊಳ್ಳುತ್ತಾರೆ; ದಿಕ್ಕು ತಪ್ಪಿದರೆ ಒಂದು ತಿರುಗಾಟ ಇನ್ನೊಂದನ್ನು ತಿನ್ನುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ಅಪರಾಧ. ಚಿಗರಿಯ ಮೈಯಲ್ಲಿ ನಡೆಯಬೇಕಾಗಿಲ್ಲದ ಈ ಪ್ರಯೋಗವನ್ನು ಎರೆಮಣ್ಣಿನಲ್ಲಿ ನಡೆಸಬಹುದು.

ಶಿಕ್ಷಕರು ಇದನ್ನು ತರಗತಿಯಲ್ಲಿ ಮಾಡಿ ತೋರಿಸಲಿ. ನಾಲ್ಕು ಸೆಂಟಿಮೀಟರ್ ಅಗಲದ ಮೂರು ಬಿದಿರು ಪಟ್ಟಿಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ಎರಡೂ ಕಡೆ, ಇನ್ನೊಂದಕ್ಕೆ ಒಂದೇ ಕಡೆ ಇಳಿಜಾರು ಹೆರೆಯಿರಿ. ಮೂರನೆಯದರ ಎಡ ಅರ್ಧಕ್ಕೆ ಮುಂದೆ, ಬಲ ಅರ್ಧಕ್ಕೆ ಹಿಂದೆ. ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿದ ಎರೆಮಣ್ಣನ್ನು ಬಕೆಟ್ಟಿನಲ್ಲಿ ತುಂಬಿ, ಪಟ್ಟಿಗಳನ್ನು ಬಿಗಿ ಹಿಡಿಯದೆ ಮೇಲ್ತುದಿಯಿಂದ ಬೆರಳಲ್ಲಿ ಒತ್ತಿ. ಮೊದಲನೆಯದು ನೇರ ಇಳಿಯುತ್ತದೆ. ಎರಡನೆಯದು ಸಪಾಟು ಮೈಯ ಕಡೆ ಸರಿಯುತ್ತದೆ, ಮೂರನೆಯದು ತಿರುಗಲು ನೋಡುತ್ತದೆ. ಮಣ್ಣು ಬಹಳ ತೆಳುವಾಗಿದ್ದರೆ ಏನೂ ಕಾಣದು. ಒಂದೆರಡು ಸಲ ಹದ ಬದಲಿಸಬೇಕಾದೀತು.

ಇನ್ನು ಸಾಣೆಯ ಮಾತು. ಕೋನ ಅಳೆಯಲು ಕೋನಮಾಪಕ ಬೇಡ. ಉಳಿಯ ದಪ್ಪವನ್ನು ಇಳಿಜಾರಿನ ಅಗಲದಿಂದ ಭಾಗಿಸಿದರೆ ಬರುವುದೇ ಆ ಕೋನದ ಸೈನ್. ನಾಲ್ಕು ಮಿಲಿಮೀಟರ್ ದಪ್ಪದ ಉಳಿಗೆ ಇಳಿಜಾರು ಎಂಟು ಮಿಲಿಮೀಟರ್ ಇದ್ದರೆ ಕೋನ 30 ಡಿಗ್ರಿ. ಒಂಬತ್ತೂವರೆ ಇದ್ದರೆ 25. ಕೋನ ಕಿರಿದಾದಷ್ಟೂ ಸಲೀಸಾಗಿ ಕತ್ತರಿಸುತ್ತದೆ, ಆದರೆ ಅಂಚಿಗೆ ಬೆಂಬಲ ಕಡಿಮೆಯಾಗಿ ಬೇಗ ಮುರಿಯುತ್ತದೆ. ಜಾಲಿಯಂಥ ಗಟ್ಟಿ ಮರಕ್ಕೆ 30 ವಾಸಿ.

ಸಾಣೆಕಲ್ಲು ಉಕ್ಕಿಗಿಂತ ಗಡುಸಾಗಿರಬೇಕು. ಮೋಸ್ ಮಾನಕದಲ್ಲಿ ಹದ ಕೊಟ್ಟ ಉಕ್ಕು ಆರೂವರೆಯ ಆಸುಪಾಸು. ವಿಜಯಪುರ ಜಿಲ್ಲೆಯ ಬಹುಭಾಗವನ್ನು ಹೊದ್ದಿರುವ ದಖನ್ ಕರಿಗಲ್ಲಿನ ಮುಖ್ಯ ಖನಿಜಗಳ ಗಡುಸು ಸುಮಾರು ಆರು. ಅದರ ಮೇಲೆ ಎಷ್ಟು ತಿಕ್ಕಿದರೂ ಕೆಲಸ ಮಂದ. ಬಾದಾಮಿ ಕಡೆಯ ಮರಳುಗಲ್ಲಿನಲ್ಲಿರುವ ಕ್ವಾರ್ಟ್ಸಿನ ಗಡುಸು ಏಳು. ಅದು ಉಕ್ಕನ್ನು ತಿನ್ನುತ್ತದೆ. ಅಂಗಡಿಯ ಕಾರ್ಬೊರಂಡಮ್ ಕಲ್ಲು, ಅಂದರೆ ಸಿಲಿಕಾನ್ ಕಾರ್ಬೈಡ್, ಒಂಬತ್ತಕ್ಕಿಂತ ಮೇಲೆ. ಕಲ್ಲಿಗೆ ನೀರು ಹಾಕಿ, ಇಳಿಜಾರನ್ನು ಅದರ ಮೇಲೆ ಪೂರ್ತಿ ಕೂರಿಸಿ, ಕೋನ ಅಲುಗದಂತೆ ತಿಕ್ಕಿ. ಅಂಚು ತೀರ ತೆಳುವಾದಾಗ ಅಲ್ಲಿನ ಉಕ್ಕು ಸವೆಯುವ ಬದಲು ಬೆನ್ನಿನ ಕಡೆಗೆ ಮಡಿಚಿಕೊಂಡು ಸಣ್ಣ ಎಳೆಯಾಗುತ್ತದೆ. ಬೆನ್ನಿನ ಮೇಲೆ ಬೆರಳನ್ನು ಅಂಚಿನಿಂದ ಆಚೆಗೆ ಸರಿಸಿದರೆ ಅದು ತಗಲುತ್ತದೆ; ಅಂಚಿನ ಉದ್ದಕ್ಕೆ ಎಂದೂ ಸರಿಸಬೇಡಿ. ಎಳೆ ಅಂಚಿನ ಪೂರ್ತಿ ಅಗಲಕ್ಕೂ ಬಂದ ಮೇಲೆಯೇ ನಯವಾದ ಕಲ್ಲಿಗೆ ಹೋಗಿ.

ಬಹುಮಂದಿ ಎಡವುವುದು ಆ ಎಳೆಯನ್ನು ತೆಗೆಯುವಾಗ. ಬೇಗ ಹೋಗಲೆಂದು ಬೆನ್ನನ್ನು ಒಂದೆರಡು ಡಿಗ್ರಿ ಎತ್ತಿ ತಿಕ್ಕುತ್ತಾರೆ. ಅಲ್ಲಿಗೆ ಸಪಾಟು ಬೆನ್ನು ಹೋಯಿತು, ಉಳಿಗೆ ದಾರಿ ತೋರಿಸುತ್ತಿದ್ದ ಸಮತಲವೇ ಹೋಯಿತು. ಬೆನ್ನನ್ನು ಕಲ್ಲಿನ ಮೇಲೆ ಮಲಗಿಸಿಯೇ ತಿಕ್ಕಬೇಕು. ಎಳೆ ಆ ಕಡೆ ಈ ಕಡೆ ಬಾಗಿ ಕೊನೆಗೆ ಉದುರುತ್ತದೆ. ಆಮೇಲೆ ತೊಗಲಿನ ಪಟ್ಟಿಯ ಮೇಲೆ ನಾಲ್ಕು ಸಲ ಹಿಂದಕ್ಕೆ ಎಳೆದರೆ ಸಾಕು.

ಕರೆಂಟಿನ ಸಾಣೆಚಕ್ರದ ಬಗ್ಗೆ ಒಂದು ಎಚ್ಚರಿಕೆ. ನಿಮಿಷಕ್ಕೆ 2800 ಸುತ್ತು ತಿರುಗುವ 150 ಮಿಲಿಮೀಟರ್ ಚಕ್ರದ ಅಂಚಿನ ವೇಗ ಸೆಕೆಂಡಿಗೆ 22 ಮೀಟರ್. ಉಳಿಯ ತುದಿಯಲ್ಲಿ ಲೋಹ ಕಡಿಮೆ, ಹುಟ್ಟಿದ ಶಾಖ ಹೋಗಬೇಕಾದರೆ ಹಿಂದಿನ ದಪ್ಪ ಭಾಗಕ್ಕೇ ಹೋಗಬೇಕು. ಹೀಗಾಗಿ ಕೈಗೆ ಬಿಸಿ ತಾಗುವ ಮೊದಲೇ ತುದಿ ಸುಟ್ಟಿರುತ್ತದೆ. ಕಂಬಾರರು ಉಳಿಯನ್ನು ಕೆಂಪಗೆ ಕಾಸಿ ನೀರಿನಲ್ಲಿ ಅದ್ದಿದ ನಂತರ ಮತ್ತೆ 200ರಿಂದ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಸಿ ಹದ ಕೊಡುತ್ತಾರೆ. ಆಗ ಉಕ್ಕಿನ ಮೇಲೆ ಒಣ ಹುಲ್ಲಿನ ಬಣ್ಣ ಮೂಡುತ್ತದೆ. ಸುಮಾರು 300 ಡಿಗ್ರಿಯಲ್ಲಿ ಬಣ್ಣ ನೀಲಿ. ಚಕ್ರದ ಮೇಲೆ ತುದಿ ನೀಲಿಯಾಯಿತೆಂದರೆ ಕಂಬಾರರು ಕೊಟ್ಟ ಹದ ಇಳಿಯಿತೆಂದು ತಿಳಿಯಿರಿ. ನಾನು ವಿದ್ಯಾರ್ಥಿಯಾಗಿದ್ದಾಗ ಹಳೆಯದೊಂದು ಒಳ್ಳೆಯ ಉಳಿಯನ್ನು ಹೀಗೆ ಕೆಡಿಸಿ, ಗಡಿಬಿಡಿಯಿಂದ ನೀರಿನಲ್ಲಿ ಅದ್ದಿ, ಸರಿಹೋಯಿತೆಂದುಕೊಂಡಿದ್ದೆ. ಎರಡೇ ಹೊಡೆತಕ್ಕೆ ಅದರ ಬಾಯಿ ಮಡಿಚಿತು. 300 ಡಿಗ್ರಿಯಿಂದ ತಣಿಸಿದರೆ ಗಡುಸು ಮರಳಿ ಬಾರದು. ಅದಕ್ಕೆ ಉಕ್ಕು 750 ಡಿಗ್ರಿಗಿಂತ ಮೇಲೆ ಕಾದು, ಅದರ ಒಳರಚನೆಯೇ ಬದಲಾಗಬೇಕು. ಉಳಿದ ದಾರಿ ಎರಡೇ: ನೀಲಿ ಭಾಗವನ್ನಷ್ಟೂ ಕೈಸಾಣೆಯಲ್ಲಿ ಸವೆಸಿ ತೆಗೆಯುವುದು, ಇಲ್ಲವೇ ಉಳಿಯನ್ನು ಮತ್ತೆ ಕುಲುಮೆಗೆ ಒಯ್ಯುವುದು. ಚಕ್ರ ಬಳಸಲೇಬೇಕಾದರೆ ಪಕ್ಕದಲ್ಲಿ ನೀರಿನ ಡಬ್ಬಿ ಇಟ್ಟುಕೊಂಡು ಎರಡು ಸೆಕೆಂಡಿಗೊಮ್ಮೆ ಅದ್ದಿ, ಅಂಚು ಒಂದು ಮಿಲಿಮೀಟರ್ ದಪ್ಪ ಇರುವಾಗಲೇ ನಿಲ್ಲಿಸಿ, ಉಳಿದದ್ದನ್ನು ಕಲ್ಲಿನ ಮೇಲೆ ಮುಗಿಸಿ.